ಬೇಗ ಹೂಬಿಡುವ ಗಾಂಜಾ: ಅವಧಿಯೇ ಬೇರೆ, ಅಮಲೇ ಬೇರೆ

ಮಾನ್ಯ ಸಂಪಾದಕರೇ,

ಶುಂಠಿ ಮತ್ತು ಮುಸುಕಿನ ಜೋಳದ ಹೊಲಗಳ ನಡುವೆ, ಕಾಫಿ ತೋಟದ ಅಂಚಿನಲ್ಲಿ ಬೆಳೆದ ಗಾಂಜಾ ಗಿಡಗಳನ್ನು ವಶಪಡಿಸಿಕೊಂಡ ಸುದ್ದಿ ಹಾಸನ, ಚಿಕ್ಕಮಗಳೂರು ಜಿಲ್ಲೆಗಳಿಗೆ ಹೊಸದಲ್ಲ. ಈಚೆಗೆ ಈ ಮಾತುಕತೆಯಲ್ಲಿ ‘ಆಟೋಫ್ಲವರಿಂಗ್’ (ತಾನಾಗಿ ಹೂಬಿಡುವ) ಎಂಬ ತಳಿಯ ಹೆಸರೂ ಕೇಳಿಬರುತ್ತಿದ್ದು, ಅದು ಮೂರೇ ತಿಂಗಳಲ್ಲಿ ಕೊಯ್ಲಿಗೆ ಬರುವ ಗಿಡ, ಆದ್ದರಿಂದಲೇ ಅದರ ಅಮಲು ಹೆಚ್ಚು ಎಂದು ಹಲವರು ನಂಬಿದ್ದಾರೆ. ಮೊದಲನೆಯ ಮಾತು ಸರಿ, ಎರಡನೆಯದಕ್ಕೆ ಆಧಾರವಿಲ್ಲ. ಸಸ್ಯಶಾಸ್ತ್ರ ಪಾಠ ಮಾಡಿ ನಿವೃತ್ತನಾದವನಾಗಿ ಇದನ್ನು ಬಿಡಿಸಿ ಹೇಳುವುದು ಅಗತ್ಯವೆನಿಸಿತು.

ಸಾಮಾನ್ಯ ಗಾಂಜಾ ಗಿಡ ಹಗಲು ಕಿರಿದಾಗಿ ಇರುಳು ಹಿರಿದಾಗುವ ಕಾಲದಲ್ಲಿ ಹೂಬಿಡುತ್ತದೆ. ನಮ್ಮ ರೈತರಿಗೆ ಅವರೆಯ ಉದಾಹರಣೆ ಸಾಕು. ನಾಟಿ ಅವರೆಯನ್ನು ಮುಂಚೆ ಬಿತ್ತಿದರೂ ಅದು ಚಳಿಗಾಲ ಹತ್ತಿರವಾಗುವವರೆಗೆ ಹೂವಿಗೆ ಬರುವುದಿಲ್ಲ. ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಹೆಬ್ಬಾಳ ಅವರೆ-3, ಹೆಬ್ಬಾಳ ಅವರೆ-4 ತಳಿಗಳಾದರೋ ಹಗಲಿನ ಉದ್ದವನ್ನು ಲೆಕ್ಕಿಸದೆ, ವಯಸ್ಸು ತುಂಬಿದೊಡನೆ ಹೂಬಿಟ್ಟು ಎಲ್ಲ ಕಾಲದಲ್ಲೂ ಕಾಯಿ ಕೊಡುತ್ತವೆ. ಆಟೋಫ್ಲವರಿಂಗ್ ಗಾಂಜಾದ ವಿಶೇಷವೂ ಇಷ್ಟೇ. ಮೊಳೆತ ಮೂರು ನಾಲ್ಕು ವಾರಗಳಲ್ಲಿ ಹೆಣ್ಣು ಗಿಡದ ಗೆಣ್ಣುಗಳಲ್ಲಿ ಬಿಳಿಯ ಕೂದಲಿನಂಥ ಶಲಾಕಾಗ್ರಗಳು (ಹೂವಿನಲ್ಲಿ ಪರಾಗ ಹಿಡಿಯುವ ಭಾಗ) ಕಾಣಿಸಿಕೊಳ್ಳುತ್ತವೆ. ಎಂಟರಿಂದ ಹನ್ನೆರಡು ವಾರಗಳೊಳಗೆ ಅದರ ಆಯಸ್ಸೇ ಮುಗಿಯುತ್ತದೆ. ಹಳೆಯ ತಳಿಗಳು ಆಳೆತ್ತರವನ್ನೂ ಮೀರಿ ಬೆಳೆದರೆ, ಇದು ಅನೇಕ ವೇಳೆ ಮೊಣಕಾಲು ಅಥವಾ ಸೊಂಟದ ಮಟ್ಟಕ್ಕೇ ನಿಲ್ಲುತ್ತದೆ, ಇಳುವರಿಯೂ ಕಡಿಮೆ.

ಈ ಗುಣ ಬಂದಿರುವುದು ‘ಕ್ಯಾನಬಿಸ್ ರುಡೆರಾಲಿಸ್’ ಎಂಬ ಕುಳ್ಳ ಕಾಡುಗಿಡದಿಂದ. ರಷ್ಯಾದ ಸಸ್ಯವಿಜ್ಞಾನಿ ಯಾನಿಶೆವ್‌ಸ್ಕಿ 1924ರಲ್ಲಿ ಇದನ್ನು ವಿವರಿಸಿದರು. ಬೇಸಿಗೆ ಚಿಕ್ಕದಾಗಿ, ಆ ಬೇಸಿಗೆಯ ಹಗಲುಗಳು ಬಹಳ ಉದ್ದವಾಗಿರುವ ಉತ್ತರದ ನಾಡುಗಳಲ್ಲಿ ಹಗಲು ಕಿರಿದಾಗಲೆಂದು ಕಾಯುತ್ತ ಕುಳಿತ ಗಿಡ ಬೀಜ ಕಟ್ಟುವ ಮೊದಲೇ ಹಿಮಕ್ಕೆ ಸಿಕ್ಕಿ ಸಾಯುತ್ತದೆ; ಹಾಗೆ ಕಾಯದ ಗಿಡವೇ ಅಲ್ಲಿ ಉಳಿದುಕೊಂಡಿತು. (ವರ್ಷವಿಡೀ ಹಗಲಿನ ಉದ್ದ ಸುಮಾರು ಒಂದೂವರೆ ಗಂಟೆಯಷ್ಟೇ ಏರಿಳಿಯುವ ನಮ್ಮ ಸೀಮೆಗೆ ಈ ಗುಣದ ಅಗತ್ಯವೇ ಇರಲಿಲ್ಲ.) ಆದರೆ ಆ ಕಾಡುಗಿಡದಲ್ಲಿ ಅಮಲಿಗೆ ಕಾರಣವಾದ ಟಿಎಚ್‌ಸಿ ಎಂಬ ರಾಸಾಯನಿಕ ಇರುವುದು ಅತ್ಯಲ್ಪ. ಅಮಲಿನ ತಳಿಯೊಡನೆ ಅದನ್ನು ಸಂಕರಿಸಿದಾಗ ಮೊದಲ ಪೀಳಿಗೆಯಲ್ಲಿ ತಾನಾಗಿ ಹೂಬಿಡುವ ಗುಣ ಮರೆಯಾಗಿ, ಎರಡನೆಯ ಪೀಳಿಗೆಯಲ್ಲಿ ಸುಮಾರು ನಾಲ್ಕರಲ್ಲೊಂದು ಗಿಡದಲ್ಲಿ ಮತ್ತೆ ಕಾಣಿಸಿಕೊಳ್ಳುತ್ತದೆ. ಮೆಂಡಲನ ಬಟಾಣಿಯ ಪಾಠ ಓದಿದವರಿಗೆ ಇದು ಅಚ್ಚರಿಯಲ್ಲ. ಅಂಥ ಗಿಡಗಳನ್ನೇ ಆರಿಸಿ ಮತ್ತೆ ಮತ್ತೆ ಸಂಕರಿಸಿ ಇಂದಿನ ತಳಿಗಳನ್ನು ಮಾಡಿದ್ದಾರೆ. ಅಂದರೆ ವೇಗ ಒಂದು ಕಡೆಯಿಂದ ಬಂತು, ಅಮಲು ಇನ್ನೊಂದು ಕಡೆಯಿಂದ. ತಾನಾಗಿ ಹೂಬಿಡುವ ತಳಿಗಳಲ್ಲಿ ಟಿಎಚ್‌ಸಿ ಹೆಚ್ಚಿರುವವೂ ಇವೆ, ಅಮಲು ತರದ ಸಿಬಿಡಿ ಎಂಬ ಇನ್ನೊಂದು ರಾಸಾಯನಿಕವೇ ಮುಖ್ಯವಾಗಿರುವವೂ ಇವೆ. ಹೆಸರು ನೋಡಿ ಪರಿಣಾಮ ಊಹಿಸುವುದು ವ್ಯಾಪಾರಿಗಳ ಜಾಹೀರಾತೇ ಹೊರತು ವಿಜ್ಞಾನವಲ್ಲ.

ಪರಿಣಾಮವನ್ನು ನಿರ್ಧರಿಸುವುದು ಟಿಎಚ್‌ಸಿಯ ಪ್ರಮಾಣ, ಸೇವಿಸುವ ಬಗೆ ಮತ್ತು ಸೇವಿಸುವವರ ವಯಸ್ಸು. ಹೊಗೆಯಾಗಿ ಎಳೆದಾಗ ಕೆಲವೇ ನಿಮಿಷಗಳಲ್ಲಿ ಅಮಲೇರಿ ಕೆಲವು ಗಂಟೆ ಇರುತ್ತದೆ. ಕಣ್ಣು ಕೆಂಪಾಗುತ್ತದೆ, ಬಾಯಿ ಒಣಗುತ್ತದೆ, ಎದೆಬಡಿತ ಹೆಚ್ಚುತ್ತದೆ, ಕಾಲದ ಅಂದಾಜು ತಪ್ಪುತ್ತದೆ, ಈಗತಾನೇ ಆಡಿದ ಮಾತು ಮರೆತುಹೋಗುತ್ತದೆ. ತಿಂಡಿಯಲ್ಲಿ ಬೆರೆಸಿ ತಿಂದರೆ ಅರ್ಧ ಗಂಟೆಯಿಂದ ಎರಡು ಗಂಟೆಯವರೆಗೂ ಏನೂ ಆಗದಂತಿದ್ದು, ‘ಏನೂ ಆಗಲಿಲ್ಲವಲ್ಲ’ ಎಂದು ಇನ್ನಷ್ಟು ತಿಂದವರು ಕೊನೆಗೆ ತೀವ್ರ ಗಾಬರಿಯಿಂದ ಆಸ್ಪತ್ರೆ ಸೇರುವುದುಂಟು. ಹದಿಹರೆಯದಲ್ಲೇ ಆರಂಭಿಸಿ ನಿತ್ಯ ಸೇವಿಸುವವರಲ್ಲಿ, ಅದರಲ್ಲೂ ಟಿಎಚ್‌ಸಿ ಹೆಚ್ಚಿದ್ದಾಗ, ಭ್ರಮೆ ಮತ್ತು ಚಿತ್ತವಿಕಲತೆಯ ಅಪಾಯ ಹೆಚ್ಚೆಂಬುದು ಹಲವು ಅಧ್ಯಯನಗಳಲ್ಲಿ ಕಂಡುಬಂದಿದೆ. ‘ಸೊಪ್ಪು ತಾನೇ, ಚಟವಾಗುವುದಿಲ್ಲ’ ಎಂಬ ಮಾತೂ ಸುಳ್ಳು. ಬಿಟ್ಟಾಗ ನಿದ್ದೆಗೇಡು, ಸಿಡುಕು, ಹಸಿವಿಲ್ಲದಿರುವಿಕೆ ಕಾಡುತ್ತವೆ.

ಮಾದಕ ವಸ್ತುಗಳನ್ನು ನಿಯಂತ್ರಿಸುವ 1985ರ ಎನ್‌ಡಿಪಿಎಸ್ ಕಾಯ್ದೆ ತಳಿಯನ್ನು ಕೇಳುವುದಿಲ್ಲ. ಗಿಡ ಕುಳ್ಳಗಿದ್ದರೂ ಎತ್ತರವಿದ್ದರೂ ಪರವಾನಗಿಯಿಲ್ಲದೆ ಬೆಳೆಯುವುದಕ್ಕೆ ಹತ್ತು ವರ್ಷದವರೆಗೆ ಕಠಿಣ ಶಿಕ್ಷೆಯಾಗಬಹುದು. ತೋಟವನ್ನು ರೈಟರ (ಮೇಲ್ವಿಚಾರಕರ) ಕೈಗೆ ಬಿಟ್ಟು ಬೆಂಗಳೂರಿನಲ್ಲಿರುವ ಮಾಲೀಕರು 46ನೇ ಕಲಮನ್ನು ಒಮ್ಮೆ ಓದಿಕೊಳ್ಳಬೇಕು: ತಮ್ಮ ಜಮೀನಿನಲ್ಲಿ ಅಕ್ರಮವಾಗಿ ಗಾಂಜಾ ಬೆಳೆದಿರುವುದು ತಿಳಿದೂ ಮಾಹಿತಿ ಕೊಡದಿದ್ದರೆ ಅದೇ ಶಿಕ್ಷಾರ್ಹ. ಪೊಲೀಸ್ ಮತ್ತು ಅಬಕಾರಿ ಇಲಾಖೆಗಳೂ ಹಿಂಗಾರಿನ ತಿಂಗಳುಗಳಲ್ಲಿ ಎತ್ತರದ ಗಿಡಗಳನ್ನಷ್ಟೇ ಹುಡುಕಿದರೆ ಸಾಲದು. ಈ ತಳಿಗೆ ಹಂಗಾಮಿಲ್ಲ, ಬಿಸಿಲು ಬೀಳುವ ಟೆರೇಸಿನ ಕುಂಡವೂ ಅದಕ್ಕೆ ಸಾಕು.

ಇನ್ನು ಪತ್ರಿಕೆಗಳಲ್ಲಿ ಒಂದು ವಿನಂತಿ. ‘ಅತಿ ಅಮಲಿನ ವಿದೇಶಿ ತಳಿ’ ಎಂಬಂಥ ಶೀರ್ಷಿಕೆ ಹುಡುಗರಲ್ಲಿ ಭಯಕ್ಕಿಂತ ಕುತೂಹಲವನ್ನೇ ಹುಟ್ಟಿಸುತ್ತದೆ. ಅದರ ಬದಲು ವ್ಯಸನಮುಕ್ತಿಯ ಉಚಿತ ಸಹಾಯವಾಣಿ 14446ನ್ನೂ, ಅಲ್ಪ ಪ್ರಮಾಣದ ಪ್ರಕರಣದಲ್ಲಿ ಸಿಕ್ಕಿಬಿದ್ದ ವ್ಯಸನಿ ತಾನಾಗಿ ಸರ್ಕಾರಿ ಅಥವಾ ಮಾನ್ಯತೆ ಪಡೆದ ಆಸ್ಪತ್ರೆಯಲ್ಲಿ ಚಿಕಿತ್ಸೆಗೆ ಮುಂದಾಗಿ ಅದನ್ನು ಪೂರೈಸಿದರೆ 64-ಎ ಕಲಮಿನಡಿ ಮೊಕದ್ದಮೆಯಿಂದ ರಕ್ಷಣೆ ಪಡೆಯಬಹುದೆಂಬುದನ್ನೂ ಇಂಥ ಪ್ರತಿ ಸುದ್ದಿಯ ಕೆಳಗೆ ಎರಡು ಸಾಲಿನಲ್ಲಿ ಅಚ್ಚು ಹಾಕಬೇಕಾಗಿ ಕೋರುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಸಸ್ಯಶಾಸ್ತ್ರ ಉಪನ್ಯಾಸಕ, ಹಾಸನ