ಪದದ ತಲೆಯ ಮೇಲಿನ ಸಾಲು

ಪ್ರಿಯ ಗೆಳೆಯಾ,

ಮೊನ್ನೆ ಫೋನಿನಲ್ಲಿ ನೀನು ನಮ್ಮ ಕಡೆಯ ಆಲ್ಬಮ್ ಹಾಡುಗಳನ್ನೆಲ್ಲ ಒಂದೇ ಮಾತಿನಲ್ಲಿ ನಕಲು ಎಂದುಬಿಟ್ಟೆ. ಆಗ ನನಗೆ ಸಿಟ್ಟು ಬಂತು, ಉತ್ತರ ಮಾತ್ರ ಹೊಳೆಯಲಿಲ್ಲ. ಈಗ ಬರೆಯುತ್ತಿದ್ದೇನೆ.

ಕಳೆದ ವರ್ಷ ತೊಗರಿ ಹೂ ಬಿಟ್ಟಿದ್ದ ಹೊತ್ತಿನಲ್ಲಿ ಜೇವರ್ಗಿ ಕಡೆಯ ಹಳ್ಳಿಯೊಂದಕ್ಕೆ ಜಾನಪದ ಹಾಡಿನ ಚಿತ್ರೀಕರಣಕ್ಕೆ ಹೋಗಿದ್ದೆ. ಕ್ಯಾಮೆರಾ ನನ್ನದು, ಎಡಿಟಿಂಗ್ ಕೂಡ ನನ್ನದೇ. ಹಾಡಿದ ಹುಡುಗ ಮೊಬೈಲ್ ಮುಂದೆ ಹಿಡಿದು ಒಂದು ತುಣುಕು ತೋರಿಸಿದ. ಕುರ್ಚಿಗಳ ಮೇಲೆ ಸಾಲಾಗಿ ಕುಳಿತ ಹುಡುಗಿಯರು ಒಮ್ಮೆಲೇ ತಲೆ ಹೊರಳಿಸುತ್ತಾರೆ, ಕಾಲ ಮೇಲೆ ಕಾಲು ಹಾಕುತ್ತಾರೆ, ಮುಂದಕ್ಕೆ ಕುಸಿದು ಮತ್ತೆ ನೆಟ್ಟಗಾಗುತ್ತಾರೆ. “ಇಂಥದ್ದೇ ಬೇಕಣ್ಣ” ಎಂದ.

ಶಾಮಿಯಾನದವರಿಂದ ನಾಲ್ಕು ಪ್ಲಾಸ್ಟಿಕ್ ಕುರ್ಚಿ ತರಿಸಿ ತೊಗರಿ ಹೊಲದ ಅಂಚಿನಲ್ಲಿ ಇಟ್ಟೆವು. ಹಿಂದಿನ ರಾತ್ರಿ ಮಳೆ ಬಿದ್ದಿತ್ತು. ನಮ್ಮ ಎರೆಮಣ್ಣು ಹಸಿಯಾದರೆ ಹೇಗಿರುತ್ತದೆ ಎಂದು ನಿನಗೆ ಹೇಳಬೇಕಾಗಿಲ್ಲ. ಹುಡುಗಿಯರು ಮುಂದಕ್ಕೆ ಬಾಗಿದಾಗಲೆಲ್ಲ ಕುರ್ಚಿಯ ಮುಂಗಾಲುಗಳು ಒಳಗೆ ಇಳಿಯುತ್ತಿದ್ದವು. ಎರಡು ಬಾರಿ ಒಬ್ಬಳು ಬೀಳುವುದರಲ್ಲಿದ್ದಳು. ಕೊನೆಗೆ ವೇಗವನ್ನು ಅರ್ಧಕ್ಕೆ ಇಳಿಸಿದೆವು. ಹಲಗೆ ವಾದ್ಯದ ಒಂದೊಂದು ಹೊಡೆತಕ್ಕೆ ಒಂದೊಂದು ಚಲನೆ, ನಡುವೆ ಉಸಿರೆಳೆಯುವಷ್ಟು ಬಿಡುವು. ತುಣುಕಿನಲ್ಲಿ ಚುರುಕಾಗಿದ್ದದ್ದು ಇಲ್ಲಿ ಭಾರವಾಯಿತು, ಗಂಭೀರವಾಯಿತು. ಹಾಡಿನಲ್ಲಿ ಗಂಡನ ದಾರಿ ಕಾಯುವ ಹೆಣ್ಣೊಬ್ಬಳ ಮಾತಿದೆ. ಅದಕ್ಕೆ ಆ ನಿಧಾನವೇ ಸರಿ ಹೊಂದಿತು. ಅದನ್ನು ಕೊಟ್ಟದ್ದು ನಮ್ಮ ಮಣ್ಣು ಎಂದು ನಾನು ಈಗಲೂ ನಂಬಿದ್ದೇನೆ.

ಆಮೇಲೆ ಆ ತುಣುಕಿನ ಬೇರು ಹುಡುಕುತ್ತ ಹೋದೆ. ಬೇರು ಬೆಲ್ಜಿಯಂನಲ್ಲಿತ್ತು. ಅಲ್ಲಿನ ನೃತ್ಯ ಸಂಯೋಜಕಿ ಆನ್ ತೆರೇಸಾ ಡಿ ಕೀರ್ಸ್‌ಮಾಕರ್ 1983ರಲ್ಲಿ ‘ರೋಸಾಸ್ ಡಾನ್ಸ್ಟ್ ರೋಸಾಸ್’ ಎಂಬ ನೃತ್ಯವನ್ನು ಕಟ್ಟಿದರು. ನಾಲ್ವರು ಹೆಣ್ಣುಮಕ್ಕಳು, ಕುರ್ಚಿಗಳು, ಕೂದಲು ಹಿಂದಕ್ಕೆ ತಳ್ಳುವ, ಅಂಗಿಯ ಹೆಗಲು ಸರಿಮಾಡಿಕೊಳ್ಳುವ ದಿನನಿತ್ಯದ ಸಣ್ಣ ಸಣ್ಣ ಚಲನೆಗಳು. 2011ರಲ್ಲಿ ಅಮೆರಿಕದ ಗಾಯಕಿ ಬಿಯಾನ್ಸೆಯ ‘ಕೌಂಟ್‌ಡೌನ್’ ವಿಡಿಯೊದಲ್ಲಿ ಆ ಚಲನೆಗಳು ಕಾಣಿಸಿಕೊಂಡವು. ತನ್ನನ್ನು ಒಂದು ಮಾತೂ ಕೇಳಲಿಲ್ಲವೆಂದು ಡಿ ಕೀರ್ಸ್‌ಮಾಕರ್ ಬಹಿರಂಗವಾಗಿ ಆಕ್ಷೇಪಿಸಿದರು. ಅದರಿಂದ ಸ್ಫೂರ್ತಿ ಪಡೆದದ್ದು ನಿಜವೆಂದು ಬಿಯಾನ್ಸೆ ಆಮೇಲೆ ಒಪ್ಪಿಕೊಂಡಳು. ನನಗೆ ತುಂಬ ಹಿಡಿಸಿದ್ದು ಇದರ ಮುಂದಿನ ಕಥೆ. 2013ರಲ್ಲಿ ನೃತ್ಯಕ್ಕೆ 30 ವರ್ಷ ತುಂಬಿದಾಗ ಡಿ ಕೀರ್ಸ್‌ಮಾಕರ್ ಅವರ ತಂಡವೇ ಕುರ್ಚಿಯ ಭಾಗವನ್ನು ಬಿಡಿಸಿ ಬಿಡಿಸಿ ಕಲಿಸುವ ವಿಡಿಯೊ ಹಾಕಿ, ನೀವೂ ನಿಮ್ಮ ರೀತಿಯಲ್ಲಿ ಮಾಡಿ ಕಳಿಸಿ ಎಂದು ಎಲ್ಲರನ್ನೂ ಕರೆಯಿತು. ನಮ್ಮ ಹುಡುಗನ ಮೊಬೈಲಿನಲ್ಲಿದ್ದದ್ದು ಹಾಗೆ ಯಾವುದೋ ಊರಿನ ಮಕ್ಕಳು ಮಾಡಿದ ತುಣುಕು.

ಅದೇ ಬಿಯಾನ್ಸೆ 2008ರ ‘ಸಿಂಗಲ್ ಲೇಡೀಸ್’ ವಿಡಿಯೊಗೆ ಅಮೆರಿಕದ ನೃತ್ಯ ಸಂಯೋಜಕ ಬಾಬ್ ಫಾಸಿಯ 1969ರ ನೃತ್ಯವೊಂದನ್ನು ಆಧಾರ ಮಾಡಿಕೊಂಡಿದ್ದಳು. ಅದನ್ನು ಯೂಟ್ಯೂಬಿನಲ್ಲಿ ನೋಡಿದ್ದೆನೆಂದು ತಾನೇ ಹೇಳಿದ್ದಳು. ಮಡೋನಾ 1985ರಲ್ಲಿ ‘ಮೆಟೀರಿಯಲ್ ಗರ್ಲ್’ ಹಾಡಿಗೆ ಗುಲಾಬಿ ಬಣ್ಣದ ಉಡುಪು ತೊಟ್ಟು ಬಂದದ್ದು, 1953ರ ಚಿತ್ರವೊಂದರ ಮೆರಿಲಿನ್ ಮನ್ರೊಳ ಗುರುತು ನೋಡುವವರಿಗೆ ಸಿಗಲಿ ಎಂದೇ. ಮೂರು ನಾಲ್ಕು ನಿಮಿಷದ ಹಾಡಿನಲ್ಲಿ ಕಥೆ ಬೆಳೆಸಲು ಜಾಗವಿಲ್ಲ. ಜನರ ಕಣ್ಣಿನಲ್ಲಿ ಆಗಲೇ ಕೂತಿರುವ ಚಿತ್ರವೊಂದನ್ನು ಕರೆತಂದರೆ ಅರ್ಧ ಕಥೆಯನ್ನು ಅದೇ ಹೇಳಿಬಿಡುತ್ತದೆ. ಆದ್ದರಿಂದ ಎರವಲು ಈ ಕಲೆಯ ಹುಟ್ಟಿನಲ್ಲೇ ಇದೆ, ಗೆಳೆಯಾ. ಅದನ್ನು ನಕಲು ಎಂದು ತಳ್ಳಿಹಾಕುವುದು ನ್ಯಾಯವಲ್ಲ.

ನಮ್ಮ ಮುತ್ಯಾನ ಭಜನೆ ಪದಗಳ ನೋಟ್‌ಬುಕ್ ನಿನಗೆ ನೆನಪಿರಬೇಕು. ಅಮಾವಾಸ್ಯೆಯ ರಾತ್ರಿ ಗುಡಿಯಲ್ಲಿ ನಾವಿಬ್ಬರೂ ಕಂದೀಲಿನ ಬೆಳಕಿನಲ್ಲಿ ಅದರ ಪುಟ ಹಿಡಿದು ಕೂರುತ್ತಿದ್ದೆವು. ಕಡಕೋಳ ಮಡಿವಾಳಪ್ಪನವರ ತತ್ವಪದಗಳ ನಡುವೆ ಊರಿನವರು ಕಟ್ಟಿದ ಪದಗಳೂ ಅದರಲ್ಲಿದ್ದವು. ಅಂಥ ಪ್ರತಿ ಪದದ ತಲೆಯ ಮೇಲೂ ಕೆಂಪು ಶಾಯಿಯಲ್ಲಿ ಒಂದು ಸಾಲು ಇರುತ್ತಿತ್ತು: ‘ಧಾಟಿ’ ಎಂದು ಬರೆದು, ಮುಂದೆ ಯಾವ ಪದದ ಧಾಟಿ ಎಂಬುದು. ಕೆಲವಕ್ಕೆ ಸಿನಿಮಾ ಹಾಡಿನ ಧಾಟಿಯೂ ಇತ್ತು. ಅದನ್ನು ನೋಡಿ ಯಾರೂ ಕಳ್ಳತನ ಎನ್ನಲಿಲ್ಲ. ಆ ಸಾಲು ಓದಿಕೊಂಡೇ ಹಾರ್ಮೋನಿಯಂ ಮುಂದೆ ಕೂತವರು ಸ್ವರ ಹಿಡಿಯುತ್ತಿದ್ದರು.

ನಮ್ಮ ವಿಡಿಯೊಗಳಲ್ಲಿ ಇಲ್ಲದ್ದು ಆ ಒಂದು ಸಾಲು. ನಿನ್ನ ಸಿಟ್ಟಿನಲ್ಲಿ ನಾನು ಒಪ್ಪುವುದು ಅಷ್ಟನ್ನೇ.

ಹೋದ ತಿಂಗಳು ಯಾದಗಿರಿ ಕಡೆಯ ಹುಡುಗರ ಹೊಸ ಹಾಡೊಂದು ಕಣ್ಣಿಗೆ ಬಿತ್ತು. ಸಿಮೆಂಟ್ ರಸ್ತೆಯ ಮೇಲೆ ನಾಲ್ಕು ಪ್ಲಾಸ್ಟಿಕ್ ಕುರ್ಚಿ, ಅದೇ ಬಾಗು, ಅದೇ ಬಿಡುವು. ಕಾಲಡಿಯ ನೆಲ ಗಟ್ಟಿ, ಕುರ್ಚಿ ಇಳಿಯುವ ಭಯವಿಲ್ಲ; ಆದರೂ ಎರೆಮಣ್ಣಿನ ಆ ನಿಧಾನ ಹಾಗೇ ಇದೆ. ನೋಡುತ್ತಿದ್ದಂತೆ ಮೈ ಜುಮ್ಮೆಂದಿತು. ಕೊನೆಯವರೆಗೂ ನಮ್ಮ ಹೆಸರು ಹುಡುಕಿದೆ, ಇರಲಿಲ್ಲ. ಎದೆಯಲ್ಲಿ ಏನೋ ಚುಚ್ಚಿದಂತಾಯಿತು. ಡಿ ಕೀರ್ಸ್‌ಮಾಕರ್ ಅವರಿಗೆ ಹೇಗಾಗಿರಬೇಕೆಂದು ತಿಳಿದದ್ದು ಆಗಲೇ. ಅವರಿಗೆ ನಾನೂ ಹೇಳಿರಲಿಲ್ಲವಲ್ಲ.

ಅಂದು ರಾತ್ರಿಯೇ ನಮ್ಮ ವಿಡಿಯೊದ ಕೆಳಗೆ ಬರೆದು ಹಾಕಿದೆ: ‘ಧಾಟಿ: ರೋಸಾಸ್ ಡಾನ್ಸ್ಟ್ ರೋಸಾಸ್, ಬೆಲ್ಜಿಯಂ, 1983.’ ಯಾದಗಿರಿಯ ಹುಡುಗರ ಫೋನ್ ನಂಬರ್ ಸಿಕ್ಕಿದೆ, ನಾಳೆ ಮಾತನಾಡುತ್ತೇನೆ. ಮೊದಲು ಅವರ ಕೆಲಸ ಎಷ್ಟು ಚೆನ್ನಾಗಿದೆ ಎಂದು ಹೇಳಬೇಕು. ದೀಪಾವಳಿಗೆ ನೀನು ಬಂದಾಗ ಮೂರನ್ನೂ ಒಂದರ ಹಿಂದೆ ಒಂದು ಹಾಕಿ ತೋರಿಸುತ್ತೇನೆ.

ನಿನ್ನ ಗೆಳೆಯ,
ಕಲಬುರಗಿ