ಮೃಗಶಿರಾ ಮಳೆ ಹಿಡಿಯುವ ಮೊದಲು ಒಂದು ಮಾಡು (ಛಾವಣಿ) ಬೇಕು: ಶರಾವತಿ ಮುಳುಗಡೆ ಅಕ್ಕಂದಿರ ಉಪ್ಪಿನಕಾಯಿ ಶೆಡ್ಡಿಗೆ ದೇಣಿಗೆ ಮನವಿ

ಆತ್ಮೀಯರೇ, ನಮಸ್ಕಾರ.

ನಾವು ಯಾರೆಂದು ನಿಮಗೆ ಹೇಳಬೇಕಾಗಿಲ್ಲ. ಶರಾವತಿ ಅಣೆಕಟ್ಟಿನ ನೀರಿನಲ್ಲಿ ಊರು ಮುಳುಗಿದ ಮನೆಗಳ ಅಕ್ಕಂದಿರು, ಅವರ ಲೆಕ್ಕ ಬರೆಯುವ ಟ್ರಸ್ಟಿನವರು. ಶ್ರಾವಣದ ಹೊತ್ತಿಗೆ ನಿಮ್ಮ ಮನೆಗೆ ಅಪ್ಪೆಮಿಡಿ (ಪರಿಮಳದ ಎಳೆ ಮಾವಿನಕಾಯಿ) ಉಪ್ಪಿನಕಾಯಿ ಕಳಿಸುವವರು ನಾವೇ. ಕಳೆದ ವರ್ಷ ಕಳಿಸಲಿಲ್ಲ. ಫೋನ್ ಮಾಡಿ ಕೇಳಿದವರಿಗೆ "ಸ್ವಲ್ಪ ತಡ ಆಗತ್ತೆ" ಎಂದೆವು. ನಿಜ ಹೇಳಬೇಕೆಂದರೆ ತಡ ಅಲ್ಲ, ಮಾಲೇ ಇರಲಿಲ್ಲ.

2025ರ ಜುಲೈ 14ಕ್ಕೆ ಶರಾವತಿ ಹಿನ್ನೀರಿನ ಮೇಲಿನ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ಉದ್ಘಾಟನೆಯಾಯಿತು. ಹಿನ್ನೀರಿನ ಆಚೆ ದಡದಲ್ಲಿ ಲಾಂಚ್ (ಹಿನ್ನೀರು ದಾಟಿಸುವ ದೊಡ್ಡ ದೋಣಿ) ಕಾದು ಕಾದು ಮುದುಕರಾದ ನಮ್ಮ ಜನಕ್ಕೆ ಅದು ಎಂಥ ದಿನ ಎಂದು ನಿಮಗೆ ಗೊತ್ತು. ಶೆಡ್ಡಿಗೆ ಬೀಗ ಹಾಕಿ ಎಲ್ಲರೂ ಸೇತುವೆ ನೋಡಲು ಹೋಗಿದ್ದರು. ಅದೇ ವಾರ ಪುನರ್ವಸು ಮಳೆ ಒಂದೇ ಸಮನೆ ಹೊಡೆಯಿತು. ಹೆಂಚು ಹೊರುವ ಮರದ ಪಕಾಸಿಗಳನ್ನು ವರಲೆ (ಗೆದ್ದಲು) ಮೊದಲೇ ತಿಂದಿತ್ತು. ಹೆಂಚುಗಳನ್ನು ಮಂಗಗಳು ಒಡೆದಿದ್ದವು, ಮೇಲೆ ಟಾರ್ಪಾಲ್ ಕಟ್ಟಿದ್ದೆವು. ರಾತ್ರಿ ಗಾಳಿಗೆ ಟಾರ್ಪಾಲ್ ಹಾರಿತು, ಹಿಂದಿನ ಬದಿಯ ಮಾಡು ಕುಸಿಯಿತು. ಬೆಳಿಗ್ಗೆ ಬೀಗ ತೆಗೆದ ಅಕ್ಕ ಒಳಗೆ ಕಾಲಿಡದೆ ಬಾಗಿಲಲ್ಲೇ ಕೂತುಬಿಟ್ಟರು. 42 ಭರಣಿಗಳಲ್ಲಿ 9 ಒಡೆದಿದ್ದವು. ಇನ್ನು 17ಕ್ಕೆ ನೀರು ಇಳಿದಿತ್ತು. ಎಂಟು ದಿನಕ್ಕೆ ಅವುಗಳಿಗೆಲ್ಲ ಬೂಷ್ಟು ಹಿಡಿಯಿತು. ಉಳಿದ ಮಾಲನ್ನು ಮುಂಗಡ ಕೊಟ್ಟ ಅಂಗಡಿಯವರಿಗೆ ಕೊಟ್ಟೆವು, ಅದೂ ಸಾಲಲಿಲ್ಲ. ಹಣ ವಾಪಸ್ ಮಾಡಬೇಕಾಯಿತು.

ಉಪ್ಪಿನಕಾಯಿ ಹಾಕಿ ಗೊತ್ತಿರುವವರಿಗೆ ಈ ನಷ್ಟ ಅರ್ಥವಾಗುತ್ತದೆ. ಪೇಟೆಯವರಿಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಅಪ್ಪೆಮಿಡಿ ಮರದಿಂದ ಉದುರಿದರೆ ಕೆಲಸಕ್ಕೆ ಬರುವುದಿಲ್ಲ. ಮರ ಹತ್ತಿ, ತೊಟ್ಟು ಸಮೇತ ಕೊಯ್ದು, ಬುಟ್ಟಿಯಲ್ಲಿ ಹಗ್ಗ ಕಟ್ಟಿ ಇಳಿಸಬೇಕು. ತೊಟ್ಟು ಮುರಿದರೆ ಸೊನೆ ಸೋರಿಹೋಗುತ್ತದೆ, ಸೊನೆ ಹೋದರೆ ಪರಿಮಳವೂ ಹೋಯಿತು, ಬಾಳಿಕೆಯೂ ಹೋಯಿತು. ಹೊಳೆದಂಡೆಯ ಮರಗಳ ಮಿಡಿಯನ್ನು ಕೆಜಿ ಲೆಕ್ಕದಲ್ಲಿ ಅಲ್ಲ, ಎಣಿಸಿ ಕೊಳ್ಳುತ್ತೇವೆ. ತೊಳೆದು, ಒರೆಸಿ, ಕಲ್ಲುಪ್ಪಿನ ಜೊತೆ ಪದರ ಪದರವಾಗಿ ಭರಣಿಗೆ ತುಂಬಿ ವಾರಗಟ್ಟಲೆ ಬಿಡಬೇಕು. ಮಿಡಿ ಸುಕ್ಕುಗಟ್ಟಿ ನೀರು ಬಿಟ್ಟ ಮೇಲೆ ಅದೇ ಉಪ್ಪುನೀರಿನಲ್ಲಿ ಸಾಸಿವೆ, ಮೆಣಸು ಅರೆದು ಸೇರಿಸುವುದು. ಇದಕ್ಕೆಲ್ಲ ಒಂದು ಹನಿ ಹಸಿ ನೀರು ತಾಗಬಾರದು. ಮಲೆನಾಡಿನ ಜುಲೈನಲ್ಲಿ ಸೋರುವ ಮಾಡಿನ ಕೆಳಗೆ ಈ ಕೆಲಸ ಹೇಗೆ ಮಾಡುವುದು, ನೀವೇ ಹೇಳಿ. ಮಿಡಿ ಬರುವುದೋ ವರ್ಷಕ್ಕೆ ಒಂದೇ ಸಲ. ಹಾಳಾದರೆ ಮತ್ತೆ ಮುಂದಿನ ವರ್ಷವೇ.

ನಮ್ಮ 32 ಅಕ್ಕಂದಿರೂ ಮುಳುಗಡೆ ಮನೆಗಳ ಹೆಣ್ಣುಮಕ್ಕಳು, ಸೊಸೆಯಂದಿರು. 1948ರ ಹೊತ್ತಿಗೆ ಮಡೆನೂರು ಅಣೆಕಟ್ಟಿಗೆ ಒಮ್ಮೆ, 1964ರಲ್ಲಿ ಲಿಂಗನಮಕ್ಕಿಗೆ ಇನ್ನೊಮ್ಮೆ ಊರು ಬಿಟ್ಟು ಎದ್ದ ಮನೆಗಳೂ ಇವರಲ್ಲಿವೆ. ಕಡು ಬೇಸಿಗೆಯಲ್ಲಿ ನೀರು ಇಳಿದಾಗ ಮಡೆನೂರು ಅಣೆಕಟ್ಟು ಮೇಲೆ ಕಾಣುತ್ತದಲ್ಲ, ಅದನ್ನು ನೋಡಲು ಜನ ಕಾರು ಮಾಡಿಕೊಂಡು ಬರುತ್ತಾರೆ, ಫೋಟೋ ತೆಗೆಯುತ್ತಾರೆ. ನಮ್ಮ ಹಿರಿಯಜ್ಜಿ ಮಾತ್ರ ಆ ಕಡೆ ಹೋಗುವುದಿಲ್ಲ. "ನನ್ನ ತವರು ನೋಡಕ್ಕೆ ಟಿಕೆಟ್ ಇಲ್ಲ ಅಂತಾರಲ್ಲ, ಅಷ್ಟು ಸಾಕು" ಎನ್ನುತ್ತಾರೆ.

ಕಾಗೋಡಿನಲ್ಲಿ 1951ರಲ್ಲಿ ಗೇಣಿದಾರರು ಸತ್ಯಾಗ್ರಹ ಮಾಡಿದ್ದು ಇದೇ ಸಾಗರ ತಾಲ್ಲೂಕಿನಲ್ಲಿ. ಸಮಾಜವಾದಿ ನಾಯಕ ರಾಮಮನೋಹರ ಲೋಹಿಯಾ ಬಂದು ಬಂಧನವಾಗಿದ್ದೂ ಆಗಲೇ. ಉಳುವವನೇ ಹೊಲದೊಡೆಯ ಎಂಬ ಮಾತು ಕಾನೂನಾಗಿದ್ದು 1974ರಲ್ಲಿ. ಅಷ್ಟರಲ್ಲಿ ನಮ್ಮವರು ಉಳುತ್ತಿದ್ದ ಹೊಲ ಹತ್ತು ವರ್ಷದಿಂದ ನೀರಿನಡಿ ಇತ್ತು. ಪರಿಹಾರದ ಹಣ ಧಣಿಗಳ ಹೆಸರಿಗೆ ಹೋಯಿತು, ಗೇಣಿ ಮಾಡುತ್ತಿದ್ದವರ ಕೈಗೆ ಬಂದಿದ್ದು ಲಾರಿ ಬಾಡಿಗೆಯಷ್ಟೇ ಎಂದು ಹಿರಿಯರು ಹೇಳುತ್ತಾರೆ. ಆ ಲಾರಿಗಳು ತಂದು ಬಿಟ್ಟ ಕಾಡಿಗೆ ಇವತ್ತಿಗೂ ಹಲವರಿಗೆ ಹಕ್ಕುಪತ್ರವಿಲ್ಲ. ಕೆಲವು ನೆಂಟರನ್ನು ಶಿವಮೊಗ್ಗದ ಹತ್ತಿರದ ಶೆಟ್ಟಿಹಳ್ಳಿ ಕಾಡಿಗೆ ಕಳಿಸಿದರು, ಆಮೇಲೆ ಅದೇ ಕಾಡು ಅಭಯಾರಣ್ಯವಾಯಿತು. ನಾಡಿಗೆಲ್ಲ ಬೆಳಕು ಕೊಟ್ಟವರು ಎಂದು ಭಾಷಣದಲ್ಲಿ ನಮ್ಮನ್ನು ಹೊಗಳುತ್ತಾರೆ. ಒಳ್ಳೆಯದೇ. ಪಹಣಿ ಕೊಟ್ಟು ಹೊಗಳಿದ್ದರೆ ಇನ್ನೂ ಚೆನ್ನಾಗಿತ್ತು.

ಪಹಣಿಯ ಮಾತು ಯಾಕೆ ಎತ್ತಿದೆ ಎಂದರೆ, ಮಾಡಿಗೆ ಸಾಲ ತೆಗೆಯಿರಿ ಎಂದು ಹಲವರು ಹೇಳಿದ್ದಾರೆ. ಕೇಳಿದ್ದೇವೆ. ಶೆಡ್ ನಿಂತ ಜಾಗಕ್ಕೂ ಪಹಣಿ ಇಲ್ಲ, ಅಕ್ಕಂದಿರ ಮನೆಗಳಿಗೂ ಇಲ್ಲ. ಬ್ಯಾಂಕಿನವರು ಕಾಫಿ ಕೊಟ್ಟು ಕಳಿಸಿದರು. ಕಟ್ಟಡಕ್ಕೆ ಸರ್ಕಾರದ ಅನುದಾನವೂ ಅದೇ ಕಾರಣಕ್ಕೆ ಬರುವುದಿಲ್ಲ.

ಹಾಗಂತ ಇದು ಯಾರೋ ಬಂದು ನಡೆಸುವ ಕೆಲಸ ಅಲ್ಲ. ಅದೇ ನಮ್ಮ ಹೆಮ್ಮೆ. ಹಿಂದೆ ಒಮ್ಮೆ ಊರಿಗೆ ಹತ್ತು ಹೊಲಿಗೆ ಯಂತ್ರ ಬಂದಿದ್ದವು. ಕೊಟ್ಟವರ ಮನಸ್ಸು ದೊಡ್ಡದು, ಅದರಲ್ಲಿ ಅನುಮಾನ ಇಲ್ಲ. ಆದರೆ ನಮ್ಮನ್ನು ಯಾರೂ ಕೇಳಿರಲಿಲ್ಲ. ಇಷ್ಟು ಸಣ್ಣ ಊರಲ್ಲಿ ಹತ್ತು ಜನ ದರ್ಜಿಗಳಿಗೆ ಬಟ್ಟೆ ಹೊಲಿಸುವವರು ಯಾರು? ಯಂತ್ರಗಳು ತುಕ್ಕು ಹಿಡಿದು ಕೂತವು. ಆಗ ನಮ್ಮ ಅಕ್ಕಂದಿರು ಭಜನೆಯ ದಿನ ಸೇರಿ, ನಮಗೆ ಏನು ಗೊತ್ತಿದೆಯೋ ಅದನ್ನೇ ಮಾಡೋಣ ಎಂದು ತೀರ್ಮಾನಿಸಿದರು. ತಲಾ 200 ರೂಪಾಯಿ ಹಾಕಿ, ಶಾಲೆಯ ಜಗಲಿಯಲ್ಲಿ ನಾಲ್ಕು ಭರಣಿ ಇಟ್ಟು ಶುರು ಮಾಡಿದ್ದು. ಮಿಡಿ ಯಾರಿಂದ ಕೊಳ್ಳಬೇಕು, ಬೆಲೆ ಎಷ್ಟು, ಲಾಭದಲ್ಲಿ ಎಷ್ಟು ಹಂಚಿ ಎಷ್ಟು ಉಳಿಸಬೇಕು, ಎಲ್ಲವೂ ಅವರ ಸಭೆಯಲ್ಲೇ ಆಗುವುದು. ಮುಖ್ಯಸ್ಥೆ ಪ್ರತಿ ವರ್ಷ ಬದಲಾಗುತ್ತಾರೆ. ಟ್ರಸ್ಟಿನ ನಾವು ಲೆಕ್ಕ ಬರೆದು ಸಹಿ ಹಾಕುವವರು, ಅಷ್ಟೇ. ಒಮ್ಮೆ ನಾನು ಬೆಲೆ ಏರಿಸಿ ಎಂದು ಸಲಹೆ ಕೊಟ್ಟೆ. "ನೀವು ಲೆಕ್ಕ ನೋಡ್ಕಳಿ" ಎಂದು ಕೂರಿಸಿದರು.

ಉಪ್ಪಿನಕಾಯಿಯ ಜೊತೆ ಮುರುಗಲು ಸಿಪ್ಪೆ, ಜೋನಿ ಬೆಲ್ಲವೂ ಸೇರಿತು. ಹಸೆ ಚಿತ್ತಾರ (ಗೋಡೆ, ಬುಟ್ಟಿಗಳ ಮೇಲೆ ಬರೆಯುವ ಮಲೆನಾಡಿನ ಸಾಂಪ್ರದಾಯಿಕ ಚಿತ್ರ) ಬರೆಯುವ ನಾಲ್ವರು ಅಕ್ಕಂದಿರಿದ್ದಾರೆ. ಭೂತಾಯಿಗೆ ಪೂಜೆ ಮಾಡುವ ಭೂಮಿ ಹುಣ್ಣಿಮೆಗೆ ಗದ್ದೆಗೆ ಒಯ್ಯುವ ಬುಟ್ಟಿಗೆ ಕೆಮ್ಮಣ್ಣು ಬಳಿದು, ಅಕ್ಕಿ ಹಿಟ್ಟಿನ ಬಿಳಿ, ಗುರಿಗೆ ಕಾಯಿಯ ಹಳದಿ ತುಂಬಿ, ಪುಂಡಿ ನಾರಿನ ಕುಂಚದಲ್ಲಿ ಇವರು ಗೆರೆ ಎಳೆಯುವುದನ್ನು ನೋಡಬೇಕು. ಅಳತೆ ಕೋಲಿಲ್ಲ, ಆದರೂ ಒಂದು ಗೆರೆ ಸೊಟ್ಟ ಇಲ್ಲ. ಸಾಗರದ ಮಾರಿಜಾತ್ರೆಯಲ್ಲಿ ನಮ್ಮ ಮಳಿಗೆ ಮೂರನೇ ದಿನಕ್ಕೇ ಖಾಲಿಯಾಗಿತ್ತು, ನೆನಪಿದೆಯಾ? ಈ ದುಡಿಮೆಯಿಂದಲೇ ಐದು ಹೆಣ್ಣುಮಕ್ಕಳು ಡಿಗ್ರಿ ಮುಗಿಸಿದ್ದಾರೆ. ಒಬ್ಬಳು ನರ್ಸಿಂಗ್ ಓದುತ್ತಿದ್ದಾಳೆ. ಅವಳ ಅಮ್ಮನೇ ಆವತ್ತು ಬಾಗಿಲಲ್ಲಿ ಕೂತುಬಿಟ್ಟವರು.

ಮಾಡಿನ ವಿಷಯ ಬಿಟ್ಟು ಎಲ್ಲೆಲ್ಲಿಗೋ ಹೋದೆ. ಕ್ಷಮಿಸಿ.

ಒಂದು ತಪ್ಪನ್ನೂ ಒಪ್ಪಿಕೊಳ್ಳಬೇಕು. ಮಾಡು ಹಳೆಯದಾಗಿದೆ ಎಂದು ಅಕ್ಕಂದಿರು ಎರಡು ವರ್ಷದಿಂದ ಹೇಳುತ್ತಿದ್ದರು. ನಾವು ಹತ್ತನೇ ವರ್ಷದ ಸಮಾರಂಭಕ್ಕೆ ಶಾಮಿಯಾನ, ಸನ್ಮಾನ, ಊಟ ಎಂದು ಖರ್ಚು ಮಾಡಿದೆವು. ಕಾರ್ಯಕ್ರಮ ಚೆನ್ನಾಗಿಯೇ ಆಯಿತು, ಬಂದವರೆಲ್ಲ ಹೊಗಳಿದರು. ಆ ದುಡ್ಡಿನಲ್ಲಿ ಪಕಾಸಿ ಬದಲಿಸಬಹುದಿತ್ತು ಎಂದು ಈಗ ಸಭೆಯಲ್ಲಿ ಮುಖದ ಮೇಲೆ ಹೇಳುತ್ತಾರೆ. ಹೇಳಲಿ. ಸರಿಯಾಗಿಯೇ ಇದೆ.

ಈಗ ಬೇಕಾಗಿರುವುದು ಇಷ್ಟು. ಕಬ್ಬಿಣದ ಪೈಪಿನ ಚೌಕಟ್ಟು, ಶೀಟಿನ ಮಾಡು, ಎರಡು ಬದಿ ಮಳೆಗಾಳಿ ತಡೆಯುವ ಮರೆ, ಇದಕ್ಕೆ ನಾಲ್ಕು ಲಕ್ಷದ ಆಸುಪಾಸು. ನೆಲ ಎತ್ತರಿಸಿ ಗಾರೆ ಹಾಕಲು ಅರವತ್ತು, ಎಪ್ಪತ್ತು ಸಾವಿರ. ಹೊಸ ಭರಣಿಗೆ, ಕಳೆದ ವರ್ಷದ ಮುಂಗಡದಲ್ಲಿ ಇನ್ನೂ ಬಾಕಿ ಇರುವುದನ್ನು ತೀರಿಸಲು ಇನ್ನೊಂದು ಲಕ್ಷದಷ್ಟು. ಒಟ್ಟು ಆರು ಲಕ್ಷದೊಳಗೆ ಮುಗಿಯಬಹುದು ಎಂದು ವೆಲ್ಡಿಂಗ್ ಕೆಲಸದವರು ಹೇಳಿದ್ದಾರೆ. ಅವರು ಹೇಳಿದ್ದಕ್ಕಿಂತ ಸ್ವಲ್ಪ ಜಾಸ್ತಿಯೇ ಆಗುತ್ತದೆ, ನಿಮಗೂ ಗೊತ್ತಿರುವುದೇ. ಅಕ್ಕಂದಿರು ತಮ್ಮ ಉಳಿತಾಯದಿಂದ 1,40,000 ತೆಗೆದಿಟ್ಟಿದ್ದಾರೆ. ಮಣ್ಣು, ಕಲ್ಲಿನ ಕೆಲಸಕ್ಕೆ ಮನೆಗೊಬ್ಬರಂತೆ ಬಿಟ್ಟಿ ಆಳು ಬರುತ್ತಾರೆ. ಉಳಿದದ್ದಕ್ಕೆ ನಿಮ್ಮ ಮುಂದೆ ಕೈ ಚಾಚುತ್ತಿದ್ದೇವೆ. ಒಂದು ಶೀಟಿಗೆ ಸುಮಾರು 2,500 ರೂಪಾಯಿ ಬೀಳುತ್ತದೆ. ಒಬ್ಬರೇ ಆಗದಿದ್ದರೆ ನಾಲ್ಕು ಜನ ಸೇರಿ ಒಂದು ಶೀಟು ಕೊಡಿ.

ಪಹಣಿ ಇಲ್ಲದ ಜಾಗದಲ್ಲಿ ಕಟ್ಟಲು ದುಡ್ಡು ಕೊಡುವುದು ಹೇಗೆ ಎಂಬ ಪ್ರಶ್ನೆ ನಿಮ್ಮಲ್ಲಿ ಬರುತ್ತದೆ. ಬರಬೇಕು. ಅದಕ್ಕೇ ಕಾಂಕ್ರೀಟ್ ಬೇಡ ಎಂದು ಅಕ್ಕಂದಿರು ಹಟ ಹಿಡಿದರು. ಎಲ್ಲ ಬೋಲ್ಟ್ ಹಾಕಿದ ಕೆಲಸ. ನಾಳೆ ಯಾರಾದರೂ ಎದ್ದೇಳಿ ಎಂದರೆ ಮಾಡು, ಚೌಕಟ್ಟು ಬಿಚ್ಚಿ ಹೊತ್ತುಕೊಂಡು ಹೋಗಬಹುದು. 1964ರಲ್ಲಿ ಅಜ್ಜಂದಿರು ಮನೆಯ ಹೆಂಚು, ಜಂತಿ, ಬಾಗಿಲು ಬಿಚ್ಚಿ ತಂದು ಇಲ್ಲಿ ಮತ್ತೆ ಜೋಡಿಸಿದವರು. ಈಗ ಕುಸಿದ ಶೆಡ್ಡಿನ ಬಾಗಿಲು ಮುಳುಗಿದ ಊರಿನಿಂದ ಬಂದದ್ದೇ. ಅದು ಗಟ್ಟಿ ಇದೆ, ಹೊಸ ಶೆಡ್ಡಿಗೂ ಅದನ್ನೇ ಇಡುತ್ತೇವೆ.

ಸೇತುವೆ ಆದ ಮೇಲೆ ಸಿಗಂದೂರು ಚೌಡೇಶ್ವರಿ ದೇವಸ್ಥಾನಕ್ಕೆ ಹೋಗುವ ಕಾರುಗಳು ನಮ್ಮ ರಸ್ತೆಯಲ್ಲೇ ಬರುತ್ತವೆ. ಮೊದಲು ಮಾಲು ಸಾಗರಕ್ಕೆ ಮುಟ್ಟಿಸಲು ಲಾಂಚ್ ಸಮಯ ನೋಡಬೇಕಿತ್ತು. ಕೊನೆಯ ಲಾಂಚ್ ತಪ್ಪಿದರೆ ದಡದಲ್ಲೇ ಡಬ್ಬಿ ಕಾಯಬೇಕಿತ್ತು. ಈಗ ಕೊಳ್ಳುವವರೇ ಬಾಗಿಲಿಗೆ ಬಂದು ಉಪ್ಪಿನಕಾಯಿ ಇದೆಯಾ ಎಂದು ಕೇಳುತ್ತಾರೆ. ಇಲ್ಲ ಎಂದು ಹೇಳಿ ಹೇಳಿ ಅಕ್ಕಂದಿರಿಗೆ ಬೇಸರ ಬಂದಿದೆ.

ಜೂನ್ ಮೊದಲ ವಾರ ಮುಗಿಯುತ್ತಿದ್ದಂತೆ ಮೃಗಶಿರಾ ಮಳೆ. ಮೇ 20ರೊಳಗೆ ಶೀಟು ಏರದಿದ್ದರೆ ಈ ವರ್ಷವೂ ಹೋಯಿತು. ಕೆಲಸದವರಿಗೆ ಏಪ್ರಿಲ್ ಕೊನೆಗೆ ಮುಂಗಡ ಕೊಡಬೇಕು, ಇಲ್ಲದಿದ್ದರೆ ಅವರು ಬೇರೆ ಕಡೆ ಒಪ್ಪಿಕೊಳ್ಳುತ್ತಾರೆ. ಟ್ರಸ್ಟಿನ ಖಾತೆಯ ವಿವರ ಈ ಪತ್ರದ ಜೊತೆ ಇಟ್ಟಿದ್ದೇವೆ. ಹಣ ಹಾಕಿದವರು ಹೆಸರು, ಊರು ತಿಳಿಸಿದರೆ ರಸೀದಿ ಕಳಿಸುತ್ತೇವೆ. ಖರ್ಚಿನ ಲೆಕ್ಕವನ್ನು ಅಕ್ಕಂದಿರ ಸಭೆಯಲ್ಲಿ ಓದಿ, ಅವರ ಸಹಿ ಹಾಕಿಸಿ ನಿಮಗೂ ಮುಟ್ಟಿಸುತ್ತೇವೆ.

ಈ ವರ್ಷದ ಮಿಡಿ ಕೊಯ್ದಾಗಿದೆ. ಶೆಡ್ ಇಲ್ಲದ್ದಕ್ಕೆ ಭರಣಿಗಳನ್ನು ಏಳು ಮನೆಗಳಲ್ಲಿ ಹಂಚಿ ಇಟ್ಟಿದ್ದೇವೆ. ಒಂದು ಮನೆಯಲ್ಲಿ ದೇವರ ಕೋಣೆಯಲ್ಲೇ ಆರು ಭರಣಿ ಇವೆ. ಆ ಮನೆಯ ಅಣ್ಣ ದಿನಾ ಪೂಜೆಗೆ ಓರೆಯಾಗಿ ನಿಂತು ಗಂಟೆ ಬಾರಿಸುತ್ತಾರೆ, ಬೇಗ ಶೆಡ್ ಕಟ್ಟಿ ಮಾರಾಯ್ರೇ ಎಂದು ದಿನವೂ ನೆನಪಿಸುತ್ತಾರೆ.

ನಿಮ್ಮ ವಿಶ್ವಾಸಿ,
ಕಾರ್ಯದರ್ಶಿ, ಟ್ರಸ್ಟಿಗಳ ಮತ್ತು 32 ಅಕ್ಕಂದಿರ ಪರವಾಗಿ