ನಾಪಾದ ಸಣ್ಣ ಕುಟುಂಬಗಳ ಕಥೆ ಎಲ್ಲಿ?

ಸಂಪಾದಕರೇ,

ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿರುವ ನಾಪಾ ಕಣಿವೆಯ ವೈನ್ ಬಗ್ಗೆ ನಿಮ್ಮಲ್ಲಿ ಬಂದ ಲೇಖನ ಚೆನ್ನಾಗಿತ್ತು, ಆದರೆ ದೊಡ್ಡ ಕಂಪನಿಗಳ ಮಾತೇ ಜಾಸ್ತಿ ಆಯ್ತು. 1920ರಿಂದ 1933ರವರೆಗೆ ಅಮೆರಿಕದಲ್ಲಿ ಪಾನನಿಷೇಧ ಇದ್ದಾಗ ಅಲ್ಲಿನ ಸಣ್ಣ ಕುಟುಂಬಗಳು ಹೇಗೆ ಬದುಕಿದವು ಅನ್ನೋದೇ ಸ್ವಾರಸ್ಯ. ಮನೆ ಬಳಕೆಗೆ ವರ್ಷಕ್ಕೆ 200 ಗ್ಯಾಲನ್ ಹಣ್ಣಿನ ರಸ ಮಾಡಿಕೊಳ್ಳಲು ಅವಕಾಶವಿತ್ತು (ಅದು ಬರೀ ರಸವಾಗಿ ಉಳಿಯುತ್ತಿತ್ತಾ, ನೀವೇ ಹೇಳಿ!), ಹಾಗಾಗಿ ವೈನರಿಗೆ ಬೀಗ ಹಾಕಿದವರೂ ದ್ರಾಕ್ಷಿಯನ್ನು ರೈಲಿಗೆ ತುಂಬಿ ದೂರದ ಊರುಗಳಿಗೆ ಕಳಿಸಿದರು. ಪ್ರಯಾಣ ತಾಳಲಿ ಅಂತ ಎಷ್ಟೋ ಜನ ಒಳ್ಳೆಯ ತಳಿ ಕಿತ್ತು, ದಪ್ಪ ಸಿಪ್ಪೆಯ ಅಲಿಕಾಂಟೆ ಬುಶೆ ಅನ್ನೋ ದ್ರಾಕ್ಷಿ ತಳಿ ನೆಟ್ಟರು. ರುಚಿ ಕೆಟ್ಟಿದ್ದು ಅಲ್ಲೇ. 1943ರಲ್ಲಿ ಹಳೆಯ ಚಾರ್ಲ್ಸ್ ಕ್ರುಗ್ ವೈನರಿ ಕೊಂಡ, ವೈನ್‌ಗೆ ಹೆಸರಾದ ಮೊಂಡಾವಿ ಕುಟುಂಬವೂ ಶುರು ಮಾಡಿದ್ದು ಹೀಗೆ ದ್ರಾಕ್ಷಿ ಸಾಗಿಸಿಯೇ. ಇದನ್ನೂ ಒಮ್ಮೆ ಬರೆಸಿ.

— ಒಬ್ಬ ಓದುಗ, ಮೈಸೂರು